ಹಾಜರಿ ಪುಸ್ತಕ ಮತ್ತು ತಾಯಿಯ ಖಾತೆ



1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಈಗ ಈ ಭಾಗದ ಕನ್ನಡ ಮನೆಗಳ ಸರ್ಕಾರಿ ಕಾಗದಗಳು ಬಹುಮಟ್ಟಿಗೆ ತೆಲುಗಿನವು. ಮಕ್ಕಳ ಮಾತೃಭಾಷಾ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಆಸರೆಯುಂಟು. ಸವಲತ್ತಿನ ಅರ್ಜಿಯ ಮಾತು ಬೇರೆ. ಎರಡೂ ಲಿಪಿಗಳನ್ನು ಬಲ್ಲ ಶಿಕ್ಷಕರೇ ಅಲ್ಲಿ ನೆರವಾಗಬೇಕು.

‘ತಲ್ಲಿಕಿ ವಂದನಂ’ ಯೋಜನೆಯನ್ನು ನೋಡಬಹುದು. ಪ್ರತಿ ಮಗುವಿಗೆ 15,000 ರೂಪಾಯಿ ಮಂಜೂರಾಗಿ, ಶಾಲಾ ನಿರ್ವಹಣೆಗೆಂದು 2,000 ಕಳೆದು, ಉಳಿದ 13,000 ತಾಯಿಯ ಖಾತೆಗೆ ಸೇರುತ್ತದೆ. ಹಿಂದಿನ ‘ಅಮ್ಮ ಒಡಿ’ಯಲ್ಲಿ ಎಷ್ಟು ಮಕ್ಕಳಿದ್ದರೂ ಒಬ್ಬರಿಗಷ್ಟೇ ದೊರೆಯುತ್ತಿತ್ತು. ಈಗ ಮೂವರು ಓದುತ್ತಿದ್ದರೆ 39,000. ತಿಂಗಳಿಗೆ 10,000 ಮೀರದ ಆದಾಯವುಳ್ಳ ಹಳ್ಳಿಯ ಮನೆಗೆ ಇದು ನಾಲ್ಕು ತಿಂಗಳ ದುಡಿಮೆಗೆ ಸಮೀಪದ ಮೊತ್ತ.

ಆದರೆ ಹಾಜರಿ ನೂರಕ್ಕೆ 75 ಇರಬೇಕೆಂಬ ನಿಯಮವಿದೆ. ಕೋಸಿಗಿ, ಕೌತಾಳಂ, ಮಂತ್ರಾಲಯದ ಕಡೆಯ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರಿನತ್ತ ಗುಳೆ ಹೊರಡುತ್ತವೆ. ಮಕ್ಕಳೂ ಜೊತೆಗೆ ಹೋದರೆ ಹೊಲದ ಕೂಲಿ ಕೈಗೆ ಬರುತ್ತದೆ, ಶಾಲೆಯ ಹಣ ತಪ್ಪುತ್ತದೆ. ಈ ಲೆಕ್ಕವನ್ನು ತಾಯಂದಿರ ಮುಂದೆ ಗುಳೆಗೆ ಮೊದಲೇ ಇಡಬೇಕು. ಮಗುವನ್ನು ಅಜ್ಜಿಯ ಬಳಿಯೋ ಋತುಕಾಲಿಕ ವಸತಿ ಕೇಂದ್ರದಲ್ಲೋ ಉಳಿಸುವ ದಾರಿ ಆಗಿನ್ನೂ ತೆರೆದಿರುತ್ತದೆ. ಹಾಜರಿಯನ್ನು ಸುಳ್ಳಾಗಿ ತುಂಬುವುದು ಉಪಕಾರವೆಂದು ಕೆಲವರು ಭಾವಿಸುವುದುಂಟು. ಅದರಿಂದ ಹಣ ಬಂದೀತು, ಓದು ಬಾರದು.

ಇನ್ನು ಹೆಸರಿನ ತೊಡಕು. ಶಾಲೆಯ ದಾಖಲೆಯಲ್ಲಿ ‘ಈರಮ್ಮ’, ಆಧಾರ್‌ನಲ್ಲಿ ‘ವೀರಮ್ಮ’ ಎಂದಿದ್ದರೆ ಮನೆಯವರಿಗೆ ಅದು ಒಂದೇ ಹೆಸರು, ಗಣಕಕ್ಕೆ ಇಬ್ಬರು ವ್ಯಕ್ತಿಗಳು. ದಾಖಲಾತಿಯ ದಿನವೇ ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಲೇಸು. ಹಣವು ಆಧಾರ್ ಜೋಡಣೆಯಾದ ಖಾತೆಗೇ ಹೋಗುವುದರಿಂದ ಆ ಖಾತೆ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ತಾಯಿ ಬ್ಯಾಂಕಿನಲ್ಲಿ ವಿಚಾರಿಸಿರಬೇಕು.

ಅನರ್ಹರ ಪಟ್ಟಿಯಲ್ಲಿ ಹೆಸರು ಕಂಡರೆ ಬಹುಪಾಲು ತಾಯಂದಿರು ಅಲ್ಲಿಗೇ ಸುಮ್ಮನಾಗುತ್ತಾರೆ. ಪಟ್ಟಿಯಲ್ಲಿ ಬರೆದ ಕಾರಣವನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ವಿದ್ಯುತ್ ಬಳಕೆ ತಿಂಗಳಿಗೆ 300 ಯೂನಿಟ್ ಮೀರಿದೆ ಎಂದಿದ್ದರೆ, ಬೇರೆಯವರ ಮೀಟರು ಈ ಮನೆಯ ಆಧಾರ್‌ಗೆ ಜೋಡಣೆಯಾಗಿರಲೂಬಹುದು. ಗ್ರಾಮ ಸಚಿವಾಲಯದಲ್ಲಿ ಆಕ್ಷೇಪಣೆ ಸಲ್ಲಿಸಿ ರಸೀದಿ ಪಡೆಯಬಹುದು. ಅದೇ ಭೇಟಿಯಲ್ಲಿ ಮನೆಯ ವಿಧವೆಯ 4,000, ಅಂಗವಿಕಲರ 6,000 ರೂಪಾಯಿಗಳ ಮಾಸಿಕ ಪಿಂಚಣಿಯ ಬಗೆಗೂ ಕೇಳಿ ಬರುವಂತೆ ತಾಯಿಗೆ ಹೇಳಿ ಕಳುಹಿಸಬೇಕು.