ಪಾರ್ಕ್ ಸ್ಟ್ರೀಟಿನ ಗೋರಿಗಳು

ಕೋಲ್ಕತ್ತದ ಪಾರ್ಕ್ ಸ್ಟ್ರೀಟ್ ಎಂದರೆ ಹೋಟೆಲು, ಕೇಕು, ಕ್ರಿಸ್‌ಮಸ್ ದೀಪ. ಅದೇ ರಸ್ತೆಯ ಬದಿಗೆ, ಗೋಡೆಯಾಚೆ, 1767ರಲ್ಲಿ ತೆರೆದ ಸ್ಮಶಾನವಿದೆ. ಕಂಪನಿ ಕಾಲದ ಇಂಗ್ಲಿಷರು ಗೋರಿಯಲ್ಲೂ ಆಡಂಬರ ಬಿಟ್ಟವರಲ್ಲ: ಪಿರಮಿಡ್ಡು, ಗುಮ್ಮಟ, ಕಂಬಸಾಲು. ಗಾರೆ ಉದುರಿದ ಕಡೆ ಇಟ್ಟಿಗೆ ಇಣುಕುತ್ತದೆ. ಕಲ್ಲಿನ ಮೇಲಿನ ವಯಸ್ಸು ಓದಿದರೆ ಮಾತ್ರ ಕರುಳು ಚುರುಕ್ ಎನ್ನುತ್ತದೆ. ರೋಸ್ ಐಲ್ಮರ್ ಎಂಬ ಹುಡುಗಿ 1800ರಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತು. ಬಂಗಾಳದ ಹುಡುಗರಿಗೆ ಪ್ರಶ್ನೆ ಕೇಳಲು ಕಲಿಸಿದ ಮೇಷ್ಟ್ರು ಡೆರೋಜಿಯೊಗೆ ಇಪ್ಪತ್ತೆರಡು. 1831ರ ಕಾಲರಾ ಅವನನ್ನು ಒಯ್ದಿತು.

ಎಲ್ಲಕ್ಕಿಂತ ಎತ್ತರದ್ದು ಶಾಕುಂತಲವನ್ನು ಇಂಗ್ಲಿಷಿಗೆ ತಂದ ವಿಲಿಯಂ ಜೋನ್ಸನ ಸ್ತಂಭ. ಆದರೆ ನನಗೆ ಹಿಡಿಸಿದ್ದು ಚಾರ್ಲ್ಸ್ ಸ್ಟುವರ್ಟನ ಗೋರಿ. ಐರ್ಲೆಂಡಿನ ಈ ಸೇನಾಧಿಕಾರಿ ದಿನಾ ಗಂಗಾಸ್ನಾನ ಮಾಡುತ್ತಿದ್ದ. ಜನ ‘ಹಿಂದೂ ಸ್ಟುವರ್ಟ್’ ಎಂದೇ ಕರೆದರು. 1828ರಲ್ಲಿ ಸತ್ತ. ಗೋರಿ ಅಪ್ಪಟ ಪುಟ್ಟ ಗುಡಿ, ಬಾಗಿಲಿಗೆ ಕೆತ್ತನೆ ಬೇರೆ. ಪಾದ್ರಿಗಳು ಅದನ್ನು ಕಂಡು ಏನೆಂದುಕೊಂಡರೋ!

ನಮಗೆ ಬೇಕಾದವನೂ ಒಬ್ಬ ಪಾರ್ಕ್ ಸ್ಟ್ರೀಟಿನ ಮಣ್ಣಲ್ಲಿದ್ದಾನೆ: 1821ರಲ್ಲಿ ತೀರಿಕೊಂಡ ಕರ್ನಲ್ ಕಾಲಿನ್ ಮೆಕೆಂಜಿ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದವನು. ಸರಪಳಿ ಹಿಡಿದು ನೆಲ ಅಳೆಯುವುದಷ್ಟೇ ಅವನಿಗೆ ಸಾಕಾಗಲಿಲ್ಲ. ಶಾಸನಗಳ ನಕಲು ತೆಗೆಸಿದ, ಊರೂರಿನ ಕೈಫಿಯತ್ತು, ಅಂದರೆ ಸ್ಥಳದ ವೃತ್ತಾಂತ, ಬರೆಸಿದ. ಓಡಾಡಿ, ಕೇಳಿ, ಓದಿ ಹೇಳಿದವರು ಕಾವಲಿ ವೆಂಕಟ ಬೊರಯ್ಯ ಮತ್ತು ಅವರ ತಮ್ಮಂದಿರಂಥ ನಮ್ಮವರೇ. ಕನ್ನಡನಾಡಿನ ಹಳ್ಳಿಗಳ ಚರಿತ್ರೆ ಹುಡುಕುವವರು ಇಂದಿಗೂ ಆ ಬರಹಗಳ ಕಟ್ಟುಗಳನ್ನು ಬಿಚ್ಚುತ್ತಾರೆ.