ಅಪ್ಪನ ಗೊಣಗಾಟಕ್ಕೆ ಉತ್ತರ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಎಲ್ಲರಿಗೂ ಗೊತ್ತಿರುವ ಈ ಗಾದೆ ಸ್ಕಿಜೋಫ್ರೇನಿಯಾ ಇರುವವರ ಮನೆಯಲ್ಲಿ ಚುಚ್ಚುಮಾತಾಗುತ್ತದೆ. ಹೊತ್ತು ಹನ್ನೊಂದಾದರೂ ಮಗ ಹೊದಿಕೆ ಸರಿಸಿಲ್ಲ, ಉಪ್ಪಿಟ್ಟು ತಟ್ಟೆಯಲ್ಲೇ ಆರಿದೆ. ‘ಅವನಿಗೇನು, ದುಡಿಮೆಯೇ ದುಗುಡವೇ’ ಎಂದು ಅಪ್ಪ ಗೊಣಗುತ್ತಾರೆ. ಅವನು ಬೆಳಗಿನ ಜಾವ ನಾಲ್ಕರವರೆಗೆ ಹಜಾರದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದದ್ದು ಅಮ್ಮನಿಗಷ್ಟೇ ಗೊತ್ತು.

ಆ ಗೊಣಗಾಟಕ್ಕೆ ಉತ್ತರ ಆಕ್ಸ್‌ಫರ್ಡ್‌ನಿಂದ ಬಂತು. ಕ್ಯಾಟರೀನಾ ವುಲ್ಫ್, ರಸೆಲ್ ಫಾಸ್ಟರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಇದ್ದ 20 ಜನರ ಮಣಿಕಟ್ಟಿಗೆ ಕೈಗಡಿಯಾರದಂಥ ಸಾಧನ ಕಟ್ಟಿ ಆರು ವಾರ ಅವರ ಅಲುಗಾಟವನ್ನೆಲ್ಲ ದಾಖಲಿಸಿದ್ದರು. ಹೋಲಿಕೆಗೆ ಆರಿಸಿಕೊಂಡದ್ದು ಆಫೀಸಿಗೆ ಓಡುವವರನ್ನಲ್ಲ, ಕೆಲಸವಿಲ್ಲದ ಆರೋಗ್ಯವಂತರನ್ನು. ಜಾಣತನ ಇರುವುದು ಇಲ್ಲೇ. ದುಡಿಮೆ ಇಲ್ಲದಿದ್ದರೂ ಅವರ ನಿದ್ದೆ ಬಹುಮಟ್ಟಿಗೆ ನೆಟ್ಟಗಿತ್ತು. ರೋಗಿಗಳದ್ದು ಇಪ್ಪತ್ತು ಮಂದಿಯಲ್ಲೂ ಹದಗೆಟ್ಟಿತ್ತು. ಅರ್ಧದಷ್ಟು ಜನರಲ್ಲಿ ದೇಹದ ಒಳಗಿನ ಗಡಿಯಾರವೇ ಹಗಲು ರಾತ್ರಿಗಳ ಲೆಕ್ಕ ತಪ್ಪಿತ್ತು. ರೋಗ ಮಾತ್ರೆಯ ಹತೋಟಿಯಲ್ಲಿದ್ದಾಗಲೂ ಹೀಗೆ!

ಮಾತ್ರೆಯದ್ದೂ ಒಂದು ಪಾಲಿದೆ. ಕ್ಲೋಜಪಿನ್, ಒಲಾಂಜಪಿನ್ ಮಂಪರು ತರುತ್ತವೆ, ತೂಕ ಏರಿಸುತ್ತವೆ. ತೂಕ ಏರಿದರೆ ಗೊರಕೆ, ಗೊರಕೆಯ ನಡುವೆ ಉಸಿರೇ ಕಟ್ಟುವ ಸ್ಲೀಪ್ ಆಪ್ನಿಯಾ ಬರಬಹುದು. ಮನೆಯವರು ಮಾತ್ರ ಆ ಗೊರಕೆ ಕೇಳಿ ‘ಸದ್ಯ, ಚೆನ್ನಾಗಿ ಮಲಗಿದ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಬೈಪೋಲಾರ್ ಕಾಯಿಲೆಯ ಕಥೆಯೇ ಬೇರೆ. ಉನ್ಮಾದ ಏರುವಾಗ ಎರಡು ಗಂಟೆ ಕಣ್ಣು ಮುಚ್ಚಿದರೂ ದಣಿವಿಲ್ಲ. ನಿದ್ದೆಗೆಟ್ಟರೆ ಉನ್ಮಾದ ಕೆರಳುವುದೂ ಉಂಟು. ಹಾಗಾಗಿ ಮದುವೆಮನೆಯ ರಾತ್ರಿ, ಶಿವರಾತ್ರಿಯ ಜಾಗರಣೆ ಇಂಥವರಿಗೆ ಹಗುರದ ಮಾತಲ್ಲ. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಸ್ಪತ್ರೆಯಲ್ಲಿದ್ದ ರೋಗಿಗಳಲ್ಲಿ ಕೆಲವರಿಗೆ ನೀಲಿ ಬೆಳಕು ತಡೆಯುವ ಕಿತ್ತಳೆ ಕನ್ನಡಕ, ಉಳಿದವರಿಗೆ ಬರೀ ಗಾಜಿನದು. ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ, ಏಳು ದಿನ. ಕಿತ್ತಳೆ ಕನ್ನಡಕದವರಲ್ಲಿ ಉನ್ಮಾದ ಬಹಳ ಬೇಗ ಇಳಿಯಿತು. ಇದ್ದವರು 23 ಜನ, ಚಿಕ್ಕ ಪ್ರಯೋಗ. ಕನ್ನಡಕ ಕೊಟ್ಟದ್ದು ಔಷಧದ ಜೊತೆಗೇ ಹೊರತು ಅದರ ಬದಲಿಗಲ್ಲ.

ಇಷ್ಟಾದರೂ ಆಸ್ಪತ್ರೆಯ ಸಾಲಿನಲ್ಲಿ ಸಿಗುವ ಐದು ನಿಮಿಷದಲ್ಲಿ ನಿದ್ದೆಯ ಮಾತು ‘ಪರವಾಗಿಲ್ಲ ಡಾಕ್ಟ್ರೇ’ ಎಂಬಲ್ಲಿಗೆ ಮುಗಿಯುತ್ತದೆ. ಇಂಥ ಕಾಯಿಲೆ ಇರುವವರು ಮನೆಯಲ್ಲಿದ್ದರೆ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಎರಡು ವಾರ ಅವರು ಮಲಗಿದ, ಎದ್ದ ಹೊತ್ತನ್ನು ಗುರುತು ಹಾಕಿ. ಮುಂದಿನ ಸಲ ಆ ಹಾಳೆಯನ್ನು ವೈದ್ಯರ ಮುಂದಿಡಿ, ಗೊರಕೆಯ ವಿಷಯವನ್ನೂ ಮರೆಯದೆ ಹೇಳಿ. ನಡುವೆ ಏನಾದರೂ ಕೇಳಬೇಕೆನಿಸಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.