ಪಾಠ ಹೇಳುವ ಯಂತ್ರ ಯಾರ ಕೈಯಲ್ಲಿರಬೇಕು?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಗೆ ಹೊಸ ಮಗ್ಗ ಬಂದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಇದರಿಂದ ಯಾರ ಹೊರೆ ಇಳಿಯುತ್ತದೆ, ಯಾರ ಅನ್ನ ಹೋಗುತ್ತದೆ? ವಿಶ್ವವಿದ್ಯಾನಿಲಯಕ್ಕೆ ಕಂಪ್ಯೂಟರು, ವೀಡಿಯೋ ಪಾಠಗಳು ಬಂದಿರುವ ಈ ಹೊತ್ತಿನಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಕಾಲೇಜಿನ ಮಾತು ನಮಗೇಕೆ ಎನ್ನಬೇಡಿ. ಪಾಳಿ ಮುಗಿಸಿ ಬರುವವನಿಗೂ, ಅಂಗಡಿಯ ಬಾಗಿಲು ಹಾಕಿ ಮನೆಗೆ ಹೋಗುವವನಿಗೂ ವಿದ್ಯೆಯ ಹಕ್ಕುಂಟು.

ಮೊದಲು ಬ್ರಿಟನ್ನಿನ ಮಾತು. ರೇಡಿಯೋ, ಟೆಲಿವಿಷನ್‌ಗಳ ಮೂಲಕ ಪಾಠ ಹೇಳುವ ವಿಶ್ವವಿದ್ಯಾನಿಲಯದ ಯೋಜನೆಯನ್ನು ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ 1963ರಲ್ಲಿ ಜನರ ಮುಂದಿಟ್ಟರು. ಅದನ್ನು ಕಾರ್ಯಗತ ಮಾಡಿದವರು ಸಚಿವೆ ಜೆನ್ನಿ ಲೀ. ಆಕೆ ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. 1969ರಲ್ಲಿ ಓಪನ್ ಯೂನಿವರ್ಸಿಟಿ ಸ್ಥಾಪನೆಯಾಗಿ, 1971ರಲ್ಲಿ ಪಾಠಗಳು ಆರಂಭವಾದವು. ಸೇರುವುದಕ್ಕೆ ಹಿಂದಿನ ಯಾವ ಪರೀಕ್ಷೆಯ ಸರ್ಟಿಫಿಕೇಟೂ ಬೇಕಿರಲಿಲ್ಲ. ಆದರೆ ಪದವಿ ಮಾತ್ರ ಬೇರೆ ವಿಶ್ವವಿದ್ಯಾನಿಲಯಗಳ ಪದವಿಗೆ ಸಮನಾಗಿರಬೇಕು, ದುಡಿಯುವವರಿಗೆಂದು ಕಳಪೆ ಮಾಲು ಕೂಡದು ಎಂದು ಜೆನ್ನಿ ಲೀ ಹಟ ಹಿಡಿದರು. ಪಾಠ ಬಿ.ಬಿ.ಸಿ.ಯಲ್ಲಿ ಬರುತ್ತಿತ್ತು, ಜೊತೆಗೆ ಅಂಚೆಯಲ್ಲಿ ಪುಸ್ತಕಗಳು, ಉತ್ತರಗಳನ್ನು ತಿದ್ದುವ ಬೋಧಕರು, ಬೇಸಿಗೆಯಲ್ಲಿ ವಸತಿ ಶಿಬಿರ. ಯಂತ್ರದ ಹಿಂದೆ ಮನುಷ್ಯನಿದ್ದ.

ಇನ್ನು ಅಮೆರಿಕದ ಮಾತು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಸ್ಟೇಟ್ ಸರ್ಕಾರಿ ವಿಶ್ವವಿದ್ಯಾನಿಲಯ. 2013ರಲ್ಲಿ ಅದು ಯುಡಾಸಿಟಿ ಎಂಬ ಖಾಸಗಿ ಕಂಪನಿಯೊಡನೆ ಕೂಡಿ ಗಣಿತ, ಸಂಖ್ಯಾಶಾಸ್ತ್ರಗಳ ಪಾಠವನ್ನು ಅಂತರ್ಜಾಲಕ್ಕೆ ಹಾಕಿತು. ಒಂದು ವಿಷಯಕ್ಕೆ 150 ಡಾಲರು. ಸೇರಿದವರಲ್ಲಿ ಹಲವರು ಮೊದಲೇ ಗಣಿತದಲ್ಲಿ ನಪಾಸಾಗಿದ್ದವರು, ಅಂದರೆ ಮೇಷ್ಟರ ಆಸರೆ ಹೆಚ್ಚು ಬೇಕಾದವರು. ತರಗತಿಯಲ್ಲಿ ಕಲಿತವರಿಗಿಂತ ಇವರಲ್ಲಿ ಪಾಸಾದವರು ತೀರ ಕಡಿಮೆ. ಅದೇ ಜುಲೈನಲ್ಲಿ ಯೋಜನೆಯನ್ನು ತಡೆಹಿಡಿಯಬೇಕಾಯಿತು.

ಅದೇ ವರ್ಷ ಅಲ್ಲಿಯ ತತ್ತ್ವಶಾಸ್ತ್ರ ವಿಭಾಗದ ಅಧ್ಯಾಪಕರು ಹಾರ್ವರ್ಡಿನ ಮೈಕೆಲ್ ಸ್ಯಾಂಡೆಲ್ ಅವರಿಗೆ ಬಹಿರಂಗ ಪತ್ರ ಬರೆದು, ಅವರ ವೀಡಿಯೋ ಪಾಠವನ್ನು ತಮ್ಮ ತರಗತಿಯಲ್ಲಿ ಬಳಸುವುದಿಲ್ಲವೆಂದರು. ಸಿರಿವಂತರ ಮಕ್ಕಳಿಗೆ ಮೇಷ್ಟರು, ಉಳಿದವರಿಗೆ ಮೇಷ್ಟರ ಚಿತ್ರ ಎಂಬ ಎರಡು ಬಗೆಯ ವಿದ್ಯೆ ಬೆಳೆದೀತೆಂಬುದೇ ಅವರ ಆಕ್ಷೇಪ. ಕೆಲಸ ಕಳೆದುಕೊಳ್ಳುವ ಭಯವೂ ಅದರಲ್ಲಿತ್ತು. ಆ ಭಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರ 2017ರಲ್ಲಿ 'ಸ್ವಯಂ' ಎಂಬ ವೇದಿಕೆಯನ್ನು ತೆರೆಯಿತು. ಒಳ್ಳೊಳ್ಳೆಯ ಅಧ್ಯಾಪಕರ ಪಾಠ ಅಲ್ಲಿ ಧರ್ಮಕ್ಕೇ ಸಿಗುತ್ತದೆ; ಸರ್ಟಿಫಿಕೇಟು ಬೇಕಾದರೆ ಪರೀಕ್ಷೆಗೆ ಶುಲ್ಕ. ಇದು ಒಳ್ಳೆಯದೇ. ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡ 40ರವರೆಗೆ ಅದರ ಮೂಲಕ ಕಲಿಯಬಹುದೆಂದು ಯು.ಜಿ.ಸಿ. 2021ರಲ್ಲಿ ನಿಯಮ ಮಾಡಿತು. ಎಚ್ಚರಿಕೆ ಬೇಕಾದದ್ದು ಇಲ್ಲಿ. ವೀಡಿಯೋ ಇದೆಯಲ್ಲ ಎಂದು ಅಧ್ಯಾಪಕರ ಹುದ್ದೆಗಳನ್ನು ಖಾಲಿ ಬಿಡುವುದಕ್ಕೆ ಅದೊಂದು ನೆಪವಾಗಕೂಡದು. 2020ರಲ್ಲಿ ಕಾಲೇಜುಗಳು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಮೊಬೈಲು. ಅಪ್ಪ ಅದನ್ನು ಕೆಲಸಕ್ಕೆ ಒಯ್ದರೆ ಮಗಳ ಪಾಠ ನಿಂತಂತೆಯೇ.

ಆದುದರಿಂದ ನಾವು ಯಂತ್ರ ಬೇಡವೆನ್ನುವುದಿಲ್ಲ. ನಾವು ಕೇಳುವುದು ಮೂರು. ಒಂದು: ವೀಡಿಯೋ ಬಂತೆಂದು ಒಬ್ಬ ಅಧ್ಯಾಪಕನ ಹುದ್ದೆಯೂ ಹೋಗಕೂಡದು. ಎರಡು: ಪಾಠಗಳು ಕನ್ನಡದಲ್ಲಿಯೂ ಧಾರಾಳವಾಗಿ ಸಿಗಬೇಕು. ಮೂರು: ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕಂಪ್ಯೂಟರುಗಳಿರಬೇಕು, ಅದರ ಬಾಗಿಲು ಪಾಳಿ ಮುಗಿದ ಮೇಲೆಯೂ ತೆರೆದಿರಬೇಕು.

ಮೂರನೆಯದನ್ನು ನಮ್ಮ ನಗರಸಭೆಯ ಸದಸ್ಯರ ಬಳಿ ಈ ವಾರವೇ ಕೇಳಬಹುದು. ಒಬ್ಬೊಬ್ಬರಾಗಿ ಬೇಡ, ಒಟ್ಟಾಗಿ ಹೋಗಿ ಕೇಳೋಣ.